ಮಲೆನಾಡಿನ ಮಕ್ಕಳಿಗೆ ಸ್ಕೂಲ್ ಬ್ಯಾಗ್: ಬೆನ್ನಿನ ಅಳತೆಗೆ ತಗೊಳ್ಳಿ, ಮಳೆಗೆ ತಯಾರು ಮಾಡಿ

ಮೇ ಕೊನೆ ಬಂತು ಅಂದ್ರೆ ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ಛತ್ರಿ, ರೇನ್‌ಕೋಟು, ಸ್ಕೂಲ್ ಬ್ಯಾಗು ಎಲ್ಲ ಒಟ್ಟೊಟ್ಟಿಗೆ ನೇತಾಡ್ತಿರ್ತವೆ, ಅಪ್ಪ ಅಮ್ಮಂದಿರು ಹೋಗಿ ಅದ್ರಲ್ಲಿ ದೊಡ್ಡದನ್ನೇ ಆರಿಸ್ತಾರೆ, ಇನ್ನೆರಡು ವರ್ಷ ಬರ್ಲಿ ಅಂತ. ಯೂನಿಫಾರ್ಮ್ ಆದ್ರೆ ಮಡಚಿ ಹೊಲಿಸಬಹುದು, ಬ್ಯಾಗ್ ಹಾಗೆ ಆಗಲ್ಲ. ಎರಡನೇ ಕ್ಲಾಸ್ ಮಗುಗೆ ಏಳನೇ ಕ್ಲಾಸಿನ ಬ್ಯಾಗ್ ಹಾಕಿದ್ರೆ ಅದು ಸೊಂಟದಿಂದ ಕೆಳಗೆ ಜೋತುಬಿದ್ದು ಹೆಜ್ಜೆಗೊಂದು ಸಲ ತೊಡೆಗೆ ಬಡೀತದೆ, ಮಗು ಮುಂದೆ ಬಾಗಿ ನಡಿಯೋದು ಅದಕ್ಕೇ.

ಹಿಂದೆಲ್ಲ ಖಾಕಿ ಬಟ್ಟೆದೊಂದು ಹೆಗಲ ಚೀಲ, ಒಂದೇ ಪಟ್ಟಿ, ಎಲ್ಲ ಭಾರ ಒಂದೇ ಹೆಗಲಿಗೆ, ಮಳೆಗಾಲದಲ್ಲಿ ಪುಸ್ತಕ ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿ ಅದ್ರೊಳಗೆ ಇಡ್ತಿದ್ರು. ಪೇಟೆ ಕಾನ್ವೆಂಟಿನ ಮಕ್ಳ ಕೈಲಿ ಅಲ್ಯೂಮಿನಿಯಂ ಪೆಟ್ಟಿಗೆ. ಆಮೇಲೆ ರೆಕ್ಸಿನ್, ನೈಲಾನ್, ಪಾಲಿಯೆಸ್ಟರ್ ಬಂತು, ಎರಡು ಪಟ್ಟಿ ಬಂತು, ಪಟ್ಟಿಗೆ ಫೋಮ್ ಬಂತು. ಎರಡೂ ಹೆಗಲಿಗೆ ಭಾರ ಹಂಚಿ ಹೋಗಿದ್ದು ನಿಜವಾಗ್ಲೂ ದೊಡ್ಡ ಬದಲಾವಣೆ. ಆದ್ರೆ ಅದ್ರ ಜೊತೆಗೇ ಬ್ಯಾಗ್ ಊದ್ಕೊಂಡು ಹೋಯ್ತು, ನಾಲ್ಕು ಜಿಪ್, ಎರಡು ಬಾಟಲ್ ಜೇಬು, ಟಿಫನ್‌ಗೆ ಬೇರೆ ಖಾನೆ, ಜಾಗ ಇದೆ ಅಂದ್ಮೇಲೆ ತುಂಬೋದೇ. 1989ರಲ್ಲೇ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಕ್ಕಳ ಬ್ಯಾಗಿನ ಹೊರೆ ಬಗ್ಗೆ ಮಾತಾಡಿದ್ರು, 1993ರಲ್ಲಿ ಮಕ್ಕಳ ಕಲಿಕೆ ಹೊರೆ ಇಳಿಸೋಕೆ ಅಂತ ಕೇಂದ್ರ ನೇಮಿಸಿದ್ದ ಯಶಪಾಲ್ ಸಮಿತಿ ವರದಿ ಕೊಟ್ಟಿತು, ನಮ್ಮ ರಾಜ್ಯದಲ್ಲಿ 2019ರಲ್ಲಿ ಸುತ್ತೋಲೆ ಬಂತು, 2023ರಲ್ಲಿ ಮತ್ತೆ ಹೊರಡಿಸಿದ್ರು. ಅದ್ರ ಪ್ರಕಾರ 1–2ನೇ ಕ್ಲಾಸಿಗೆ 1.5ರಿಂದ 2 ಕೆಜಿ, 3–5ಕ್ಕೆ 2ರಿಂದ 3, 6–8ಕ್ಕೆ 3ರಿಂದ 4, 9–10ಕ್ಕೆ 4ರಿಂದ 5 ಕೆಜಿ. ಕೇಂದ್ರದ 2020ರ ನೀತಿ ಹೇಳೋದು ಮಗುವಿನ ತೂಕದ ಶೇ. 10ರ ಒಳಗೆ ಇರಬೇಕು ಅಂತ. ಅಂದ್ರೆ 20 ಕೆಜಿ ಮಗುಗೆ 2 ಕೆಜಿ, ಬ್ಯಾಗಿನ ಸ್ವಂತ ತೂಕವೂ ಸೇರಿ! ಅಡಕೆ ತೂಗೋ ತಕ್ಕಡಿ ಮನೇಲಿದ್ರೆ ನಾಳೆ ಬೆಳಿಗ್ಗೆ ಬ್ಯಾಗ್ ಅದಕ್ಕೆ ಹಾಕಿ ನೋಡಿ.

ಈಗ ಅಂಗಡೀಲಿ ಏನು ನೋಡ್ಬೇಕು ಅಂದ್ರೆ, ಮೊದ್ಲು ಮಗುನ ಕರ್ಕೊಂಡೇ ಹೋಗಿ, ಆದ್ರೆ ನಾಲ್ಕು ಪುಸ್ತಕನೂ ತಗೊಂಡು ಹೋಗಿ, ಖಾಲಿ ಬ್ಯಾಗ್ ಯಾರ ಬೆನ್ನಿಗೆ ಹಾಕಿದ್ರೂ ಚೆನ್ನಾಗೇ ಕೂರ್ತದೆ. ಪುಸ್ತಕ ತುಂಬಿ ಹಾಕಿಸಿ, ಪಟ್ಟಿ ಎಳೆದು ಬಿಗಿ ಮಾಡಿ, ಹಿಂದೆ ನಿಂತು ನೋಡಿ. ಬ್ಯಾಗಿನ ಮೇಲ್ಭಾಗ ಹೆಗಲಿಗಿಂತ ಮೇಲೆ ಹೋಗ್ಬಾರ್ದು, ತಳ ಸೊಂಟದ ಹತ್ರ ನಿಲ್ಬೇಕು, ಅಗಲ ಬೆನ್ನಿಗಿಂತ ಜಾಸ್ತಿ ಬೇಡ. ಪಟ್ಟಿ ಕೆಳಗೆ ನಿಮ್ಮ ಬೆರಳು ತೂರಿಸಿ, ಕುತ್ತಿಗೆ ಹತ್ರ ಒತ್ತುತ್ತಾ ಇದ್ರೆ ಆ ಬ್ಯಾಗ್ ಬೇಡ. ಎದೆ ಮೇಲೆ ಹಾಕೋ ಚಿಕ್ಕ ಬೆಲ್ಟ್ ಇದ್ರೆ ಒಳ್ಳೇದು, ಇಳಿಜಾರಲ್ಲಿ ಓಡುವಾಗ ಪಟ್ಟಿ ಜಾರಲ್ಲ. ಪಟ್ಟಿ ಬ್ಯಾಗಿಗೆ ಸೇರೋ ಜಾಗದಲ್ಲಿ ಹೊಲಿಗೆ ಎರಡು ಸಾಲಾದ್ರೂ ಇದ್ಯಾ ನೋಡಿ, ಮೊದ್ಲು ಕಿತ್ತು ಬರೋದೇ ಅಲ್ಲಿ. ಟ್ರಾಲಿ ಬ್ಯಾಗ್ ಬಗ್ಗೆ ಕೇಳೋರಿಗೆ ನನ್ನ ಉತ್ತರ ನೇರ: ನಮ್ಮ ಕಡೆಗೆ ಬೇಡ. ಕೆಸರು, ಮೆಟ್ಲು, ಕಾಲುಸಂಕ, ಕೊನೆಗೆ ಮಗು ಅದನ್ನ ಕೈಲಿ ಎತ್ಕೊಂಡೇ ಹೋಗ್ಬೇಕು, ಚಕ್ರ ಕಂಬಿ ಸೇರಿ ಖಾಲಿ ಇದ್ರೂ ಭಾರ.

ತುಂಬೋದ್ರಲ್ಲೂ ಕ್ರಮ ಇದೆ. ದಪ್ಪ ಪುಸ್ತಕ ಬೆನ್ನಿಗೆ ತಾಗೋ ಖಾನೆಗೆ, ಹಗುರದ್ದು ಹೊರಗಡೆ, ಉಲ್ಟಾ ಮಾಡಿದ್ರೆ ಭಾರ ಹಿಂದಕ್ಕೆ ಜಗ್ತದೆ. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ, ಶಾಲೇಲಿ ಒಳ್ಳೆ ನೀರು ಇದ್ರೆ ಬಾಟಲ್ ಅರ್ಧ ತುಂಬಿಸಿ ಸಾಕು. ಭಾಗ-1, ಭಾಗ-2 ಅಂತ ಬರೋ ಪುಸ್ತಕದಲ್ಲಿ ಮುಗಿದ ಭಾಗ ಮನೇಲೇ ಇರ್ಲಿ. ಇನ್ನು ಬ್ಯಾಗ್ ಹಾಕ್ಕೊಳ್ಳೋಕೆ ನಮ್ಮ ಜಗಲಿಕಟ್ಟೆಗಿಂತ ಒಳ್ಳೆ ಜಾಗ ಇಲ್ಲ, ಕಟ್ಟೆ ಮೇಲೆ ಬ್ಯಾಗ್ ಇಟ್ಟು ಮಗು ಅದಕ್ಕೆ ಬೆನ್ನು ಹಾಕಿ ನಿಂತು ಎರಡೂ ಕೈ ತೂರಿಸಿ ಹಾಗೇ ಮುಂದೆ ಹೆಜ್ಜೆ ಇಟ್ರೆ ಆಯ್ತು, ನೆಲದಿಂದ ಒಂದೇ ಕೈಲಿ ಎತ್ತಿ ಬೀಸಿ ಹಾಕ್ಕೊಳ್ಳೋದು ತಪ್ತದೆ.

ಮಳೆ ವಿಷ್ಯ ಸ್ವಲ್ಪ ವಿವರವಾಗಿ ಹೇಳ್ಬೇಕು ಯಾಕಂದ್ರೆ ತೀರ್ಥಹಳ್ಳಿ, ಹೊಸನಗರ ಕಡೆ ಮಳೆಗೆ ವಾಟರ್‌ಪ್ರೂಫ್ ಅಂತ ಬರೆದಿರೋ ಚೀಟಿ ಏನೂ ಮಾಡಲ್ಲ. ಬಟ್ಟೆ ನೀರು ತಡೆದ್ರೂ ಜಿಪ್ಪಿನಿಂದ, ಹೊಲಿಗೆ ತೂತಿನಿಂದ ನೀರು ಇಳೀತದೆ. ರೇನ್ ಕವರ್ ಹಾಕಿದ್ರೂ ಬೆನ್ನಿನ ಕಡೆ ತೆರೆದೇ ಇರ್ತದೆ, ಕುತ್ತಿಗೆಯಿಂದ ಇಳಿದ ನೀರು ಸೀದಾ ಬೆನ್ನಿನ ಫೋಮಿಗೆ. ಆ ಫೋಮ್ ನೀರು ಕುಡಿದ್ರೆ ಬ್ಯಾಗ್ ಇನ್ನಷ್ಟು ಭಾರ, ಮಗುವಿನ ಬೆನ್ನು ಇಡೀ ದಿನ ತಣ್ಣಗೆ. ಅದಕ್ಕೆ ಬ್ಯಾಗಿಗೂ ಸೇರಿ ಹಿಂದೆ ಜಾಗ ಬಿಟ್ಟು ಹೊಲಿದಿರೋ ದೊಡ್ಡ ರೇನ್‌ಕೋಟ್ ತಗೊಳ್ಳಿ, ಬ್ಯಾಗ್ ಹಾಕಿ ಅದ್ರ ಮೇಲೆ ಕೋಟು. ಒಳಗೆ ಪುಸ್ತಕಕ್ಕೆ ಹಳೇ ಕಾಲದ ಕೊಟ್ಟೆ ಈಗ್ಲೂ ಬೇಕೇ ಬೇಕು, ಗೊಬ್ಬರ ಚೀಲದ ಒಳಗಿನದ್ದು ಮಾತ್ರ ಬೇಡ. ಬೆನ್ನಿನ ಕಡೆ ಫೋಮ್ ತೆಳ್ಳಗಿದ್ದು ಜಾಲರಿ ಬಟ್ಟೆ ಇರೋದು ಬೇಗ ಒಣಗ್ತದೆ. ಸಂಜೆ ಬಂದ ಕೂಡ್ಲೆ ಎಲ್ಲ ಖಾಲಿ ಮಾಡಿ, ಜಿಪ್ ಪೂರ್ತಿ ತೆಗೆದು ಬಚ್ಚಲ ಒಲೆ ಕಡೆ ತಲೆಕೆಳಗಾಗಿ ನೇತು ಹಾಕಿ, ಆದ್ರೆ ಬೆಂಕಿಗೆ ದೂರ ಇರ್ಲಿ, ನೈಲಾನ್ ಕರಗ್ತದೆ. ಹೀಗೆ ಮಾಡದೆ ಇದ್ರೆ ವಾರದೊಳಗೆ ಬೂಸ್ಟು. ಜಿಪ್ ಹಿಡ್ಕೊಂಡ್ರೆ ಮೇಣದಬತ್ತಿ ಉಜ್ಜಿ ಎರಡು ಸಲ ಎಳೀರಿ.

ಮಗು ಬ್ಯಾಗ್ ತೆಗೆದ ತಕ್ಷಣ ಹೆಗಲು ನೋಡಿ. ಕೆಂಪು ಗೆರೆ ಬಿದ್ದಿದ್ರೆ, ನಡೆಯುವಾಗ ಎರಡೂ ಕೈಯಿಂದ ಪಟ್ಟಿ ಹಿಡ್ಕೊಂಡೇ ಇದ್ರೆ, ಭಾರ ಜಾಸ್ತಿ ಅಥವಾ ಪಟ್ಟಿ ಅಳತೆ ತಪ್ಪಿದೆ ಅಂತ ಲೆಕ್ಕ. ಬ್ಯಾಗಿಂದ ಬೆನ್ನುಮೂಳೆ ಶಾಶ್ವತವಾಗಿ ಸೊಟ್ಟ ಆಗ್ತದೆ ಅಂತ ಹೆದರಿಸೋರು ಇದಾರೆ, ಅದಕ್ಕೆ ಆಧಾರ ಇಲ್ಲ, ಆದ್ರೆ ಹೆಗಲು ಕುತ್ತಿಗೆ ನೋವು ಸುಳ್ಳಲ್ಲ. ಕೈ ಜೋಮು ಹಿಡೀತದೆ ಅಂತ ಮಗು ಹೇಳಿದ್ರೆ, ಅಥವಾ ಭಾರ ಇಳಿಸಿದ್ಮೇಲೂ ನೋವು ಹೋಗದಿದ್ರೆ ಡಾಕ್ಟರಿಗೆ ತೋರಿಸಿ.

ಇಷ್ಟು ಮಾಡಿಯೂ ತೂಕ ಇಳೀಲಿಲ್ಲ ಅಂದ್ರೆ ಟೈಮ್‌ಟೇಬಲ್ ತಗೊಂಡು ಮೇಷ್ಟ್ರ ಹತ್ರ ಕೂತು ಮಾತಾಡಿ, ಸರ್ಕಾರಿ ಶಾಲೆ ಆದ್ರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೀಟಿಂಗಲ್ಲಿ ಎತ್ತಿ. ನೋಟ್‌ಬುಕ್ ಶಾಲೇಲೇ ಇಡೋಕೆ ಗೆದ್ದಲು ಹಿಡಿಯದ ಒಂದು ಕಬ್ಬಿಣದ ಬೀರು ಸಿಕ್ಕಿದ್ರೂ ಒಂದೊಂದು ಮಗುವಿನ ಬೆನ್ನಿಂದ ಒಂದು ಕೆಜಿಯಾದ್ರೂ ಇಳೀತದೆ.