ಒಂದನೇ ಮಷಿನ್ ಚೀಲ ಭಾರವೇ? ಝಡ್ ಟೆಸ್ಟ್ ಮಾಡಿ ನೋಡಿದೆ

"ಒಂದನೇ ಮಷಿನ್ ಚೀಲ ಭಾರ ಅದಾವ್ರೀ" ಎಂದು ನಮ್ಮ ಹಿರಿಯ ಹಮಾಲರೊಬ್ಬರು ದಸರಾದಿಂದ ಹೇಳುತ್ತಲೇ ಇದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಾನೂ ಅಷ್ಟೇ.

ಗಂಗಾವತಿ ತಾಲೂಕಿನ ಒಂದು ರೈಸ್ ಮಿಲ್ಲಿನಲ್ಲಿ ನನ್ನದು ಲೆಕ್ಕದ ಕೆಲಸ. ಭತ್ತದ ಲಾರಿ, ತೌಡು, ನುಚ್ಚು, ಹಮಾಲಿ ಬಟವಾಡೆ, ಇದೇ ದಿನಚರಿ. ಸೋನಾ ಮಸೂರಿ ಅಕ್ಕಿಯನ್ನು ಚೀಲಕ್ಕೆ ತುಂಬಲು ಎರಡು ಮಷಿನ್ ಇವೆ. ಎರಡಕ್ಕೂ 26 ಕೆಜಿ ಅಂತ ಸೆಟ್ ಮಾಡಿದ್ದೇವೆ. 26 ಯಾಕೆ ಅಂತ ಹೊರಗಿನವರು ಕೇಳುತ್ತಾರೆ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ 25 ಕೆಜಿವರೆಗೆ ಇದ್ದರೆ ಶೇ. 5 ಜಿಎಸ್‌ಟಿ ಬಂತು. ಒಂದು ಕೆಜಿ ಜಾಸ್ತಿ ತುಂಬಿದರೆ ಇಲ್ಲ. ಚೀಲ ದಪ್ಪಗಾದ ಕಥೆ ಇಷ್ಟೇ.

ಒಂದು ದಿನ ಸಾಹುಕಾರರು, "ನೀನು ಬಿ.ಕಾಂ. ಓದೀಯಲ್ಲ, ನೋಡಿ ಹೇಳು, ಅವನು ಹೇಳೋದು ಖರೇನೋ ಸುಳ್ಳೋ" ಅಂದರು. ಮೊದಲು ನಾನು ಮಾಡಿದ್ದು ದೊಡ್ಡ ತಪ್ಪು. ಬೆಳಿಗ್ಗೆ ಒಂದನೇ ಮಷಿನ್‌ನಿಂದ ಸಾಲಾಗಿ 50 ಚೀಲ ತೂಗಿದೆ. ಮಧ್ಯಾಹ್ನ ಊಟ ಮಾಡಿ ಬಂದು ಎರಡನೆಯದರಿಂದ 50. ಆಪರೇಟರ್ ನಕ್ಕ. "ಮೇಲಿನ ಹಾಪರ್ ತುಂಬಿದಾಗ ಒಂಥರಾ ಬೀಳತೈತಿ, ಖಾಲಿ ಆಗ್ತಾ ಬಂದಾಗ ಒಂಥರಾ" ಅಂದ. ಸರಿಯೇ. ನಾನು ಹೋಲಿಸಿದ್ದು ಮಷಿನ್‌ಗಳನ್ನಲ್ಲ, ಬೆಳಿಗ್ಗೆ ಮತ್ತು ಮಧ್ಯಾಹ್ನವನ್ನು. ಸಾಲಾಗಿ ಬಂದ ಚೀಲಗಳು ಒಂದರ ನೆರಳು ಇನ್ನೊಂದರ ಮೇಲೆ ಬಿದ್ದಂತೆ ಇರುತ್ತವೆ. ಝಡ್ ಟೆಸ್ಟ್, ಅಂದರೆ ಎರಡು ಸರಾಸರಿಗಳನ್ನು ಹೋಲಿಸಿ ನೋಡುವ ಲೆಕ್ಕ, ಕೇಳುವುದು ಒಂದಕ್ಕೊಂದು ಸಂಬಂಧ ಇಲ್ಲದ ಚೀಲಗಳನ್ನು.

ಆ ಹಾಳೆ ಹರಿದುಹಾಕಿದೆ. ಮಾರನೇ ವಾರ ಐದು ದಿನ, ದಿನಕ್ಕೆ ಹತ್ತು ಸಲ, ಬೇರೆ ಬೇರೆ ಹೊತ್ತಿನಲ್ಲಿ ಎರಡೂ ಮಷಿನ್‌ನಿಂದ ಒಂದೊಂದು ಚೀಲ ಎಳೆದು ಒಂದೇ ತಕ್ಕಡಿಯಲ್ಲಿ ಇಟ್ಟೆ. ಖಾಲಿ ಚೀಲದ ತೂಕ ಕಳೆದೆ. ಒಂದನೆಯದರ ಸರಾಸರಿ 26.062 ಕೆಜಿ, ಎರಡನೆಯದು 26.034. ವ್ಯತ್ಯಾಸ 28 ಗ್ರಾಂ. ಒಂದು ಹಿಡಿ ಅಕ್ಕಿಯೂ ಅಲ್ಲ. ಇದನ್ನು ಬೆನ್ನ ಮೇಲೆ ಹೊತ್ತು ಯಾರಾದರೂ ಹೇಳಬಲ್ಲರಾ? ನನಗಂತೂ ನಂಬಿಕೆ ಇರಲಿಲ್ಲ.

ಚೀಲದಿಂದ ಚೀಲಕ್ಕೆ ತೂಕ ಹೇಗಿದ್ದರೂ ಏರುಪೇರು ಆಗುತ್ತದೆ. ಈ 28 ಗ್ರಾಂ ಆ ಏರುಪೇರಿನಿಂದ ಸುಮ್ನೆ ಬಂದಿದ್ದಾ, ನಿಜವಾದ ವ್ಯತ್ಯಾಸವಾ? ಝಡ್ ಟೆಸ್ಟ್ ಹೇಳುವುದು ಅದನ್ನೇ. ಆದರೆ ಅದಕ್ಕೊಂದು ಷರತ್ತು ಇದೆ. ಏರುಪೇರು ಎಷ್ಟು ಅನ್ನುವುದು ಮೊದಲೇ ಗೊತ್ತಿರಬೇಕು. ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ, ಹಾಗಾಗಿ ಟಿ ಟೆಸ್ಟ್ ಬಳಸುತ್ತಾರೆ. ಆ ಟಿ ಟೆಸ್ಟ್ ಕೂಡ ಧಾನ್ಯದ ಜೊತೆ ನಂಟಿರುವ ಕಡೆಯಿಂದಲೇ ಬಂದದ್ದು. ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಅದನ್ನು ಬರೆದ. ಚಿಕ್ಕ ಸ್ಯಾಂಪಲ್‌ಗಳೇ ಅವನ ತಲೆನೋವಾಗಿದ್ದವು.

ನಮ್ಮಲ್ಲಿ ಆ ತೊಂದರೆ ಇರಲಿಲ್ಲ. ಗಂಟೆಗೆ ಮೂರು ಚೀಲ ತೂಗಿ ಬರೆದಿಡುವ ರಿಜಿಸ್ಟರ್ ಇದೆ. ಇಡೀ ವರ್ಷದ್ದನ್ನು ಒಟ್ಟಿಗೆ ಹಾಕಿದರೆ ಮಷಿನ್ ಸೆಟ್ಟಿಂಗ್ ಬದಲಾಯಿಸಿದ ದಿನಗಳೂ ಸೇರಿಕೊಂಡು ಏರುಪೇರು ಸುಳ್ಳೇ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಕೊನೆಯ ಸಲ ಸೆಟ್ ಮಾಡಿದ ಮೇಲಿನದ್ದನ್ನು ಮಾತ್ರ ತೆಗೆದುಕೊಂಡೆ. ಸ್ಟ್ಯಾಂಡರ್ಡ್ ಡೀವಿಯೇಶನ್ (ಚೀಲಗಳ ತೂಕ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತದೆ ಅನ್ನುವ ಅಳತೆ) ಒಂದನೆಯದಕ್ಕೆ 0.06 ಕೆಜಿ, ಎರಡನೆಯದಕ್ಕೆ 0.07 ಬಂತು.

ಎಕ್ಸೆಲ್‌ನಲ್ಲಿ ಡೇಟಾ ಅನಾಲಿಸಿಸ್ ಬಟನ್ ಮೊದಲಿಗೆ ಕಾಣಿಸುವುದಿಲ್ಲ. ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ ಅನಾಲಿಸಿಸ್ ಟೂಲ್‌ಪ್ಯಾಕ್‌ಗೆ ಟಿಕ್ ಹಾಕಬೇಕು. ಆಮೇಲೆ ಡೇಟಾ ಟ್ಯಾಬ್‌ನಲ್ಲಿ ಬರುತ್ತದೆ. ಪಟ್ಟಿಯ ಕೊನೆಯಲ್ಲಿ ಝಡ್ ಟೆಸ್ಟ್ ಇದೆ, ಎರಡು ಸ್ಯಾಂಪಲ್‌ಗಳ ಸರಾಸರಿಗೆ. ಎರಡು ಕಾಲಂ ತೋರಿಸಿದೆ. ಊಹಿಸಿದ ವ್ಯತ್ಯಾಸ ಸೊನ್ನೆ. ಆಲ್ಫಾ 0.05, ಅಂದರೆ ಪಿ ಇದಕ್ಕಿಂತ ಕಡಿಮೆ ಬಂದರೆ ಮಾತ್ರ ವ್ಯತ್ಯಾಸ ನಿಜ ಅಂತ ಒಪ್ಪುವ ಗೆರೆ. ಕೆಳಗೆ ಎರಡು ಖಾನೆ ಇದ್ದವು, ಅವಕ್ಕೆ 0.06, 0.07 ಹಾಕಿದೆ. ಝಡ್ 0.55. ಎರಡೂ ಕಡೆಯ (ಯಾವ ಮಷಿನ್ ಭಾರ ಇದ್ದರೂ ಲೆಕ್ಕಕ್ಕೆ ಹಿಡಿಯುವ) ಪಿ ವ್ಯಾಲ್ಯೂ, ಅಂದರೆ ಮಷಿನ್‌ಗಳು ಒಂದೇ ಥರ ಇದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ, 0.58. ಅಂದರೆ ವ್ಯತ್ಯಾಸ ಇದೆ ಅನ್ನಲು ಆಧಾರ ಇಲ್ಲ. ಹಮಾಲರ ಮಾತು ಸುಳ್ಳು ಅಂತ ಹೇಳಲು ಎದ್ದೇಬಿಟ್ಟಿದ್ದೆ.

ಸಾಹುಕಾರರಿಗೆ ದಶಾಂಶ ಕಂಡರೆ ಆಗುವುದಿಲ್ಲ. "ಗ್ರಾಂನಾಗ ತೋರಿಸು" ಅಂದರು. ಎಲ್ಲವನ್ನೂ ಸಾವಿರದಿಂದ ಗುಣಿಸಿ, ಖಾನೆಗಳಲ್ಲಿ 60, 70 ಹಾಕಿ ಮತ್ತೆ ಓಡಿಸಿದೆ. (ಈ ಟೂಲ್ ಕೊಡುವ ಉತ್ತರ ಕಲ್ಲಿನ ಮೇಲೆ ಕೆತ್ತಿದಂತೆ. ಅಂಕಿ ತಿದ್ದಿದರೆ ತಾನಾಗಿ ಬದಲಾಗುವುದಿಲ್ಲ, ಪ್ರತಿಸಲ ಓಡಿಸಬೇಕು.) ಈಗ ಝಡ್ 17.4! ಪಿ ಸೊನ್ನೆಯೇ ಅನ್ನುವಷ್ಟು ಚಿಕ್ಕದು.

ಅದೇ ಚೀಲ, ಅದೇ ಅಕ್ಕಿ. ಕೆಜಿಯಲ್ಲಿ ನೋಡಿದರೆ ಏನೂ ಇಲ್ಲ, ಗ್ರಾಂನಲ್ಲಿ ನೋಡಿದರೆ ಭಯಂಕರ ವ್ಯತ್ಯಾಸ. ಹೀಗಾಗಲು ಸಾಧ್ಯವೇ ಇಲ್ಲ, ಅಲ್ವಾ? ಝಡ್ ಅಂದರೆ ವ್ಯತ್ಯಾಸವನ್ನು ಅದರ ಏರುಪೇರಿನಿಂದ ಭಾಗಿಸಿದ್ದು. ಮೇಲೆ ಗ್ರಾಂ, ಕೆಳಗೂ ಗ್ರಾಂ. ಅಳತೆ ಹೊಡೆದುಹೋಗಬೇಕು.

ರಾತ್ರಿ ಮನೆಯಲ್ಲಿ ಆ ಖಾನೆಯ ಹೆಸರನ್ನು ಸರಿಯಾಗಿ ಓದಿದೆ. ಅದು ಕೇಳಿದ್ದು ವೇರಿಯನ್ಸ್. ನಾನು ಕೊಟ್ಟಿದ್ದು ಸ್ಟ್ಯಾಂಡರ್ಡ್ ಡೀವಿಯೇಶನ್. ವೇರಿಯನ್ಸ್ ಅಂದರೆ ಅದರ ವರ್ಗ. 0.06ರ ವರ್ಗ 0.0036, 60ರ ವರ್ಗ 3,600. ಒಂದಕ್ಕಿಂತ ಚಿಕ್ಕ ಸಂಖ್ಯೆಯ ವರ್ಗ ಇನ್ನೂ ಚಿಕ್ಕದಾಗುತ್ತದೆ. ಹಾಗಾಗಿ ಕೆಜಿಯಲ್ಲಿ ನಾನು ಏರುಪೇರನ್ನು ಬೇಕಾದ್ದಕ್ಕಿಂತ ದೊಡ್ಡದು ಅಂತ ಹೇಳಿದ್ದೆ, ಗ್ರಾಂನಲ್ಲಿ ಬಹಳ ಚಿಕ್ಕದು ಅಂತ. ಒಂದೇ ತಪ್ಪು, ಎರಡು ದಿಕ್ಕಿಗೆ ಎಳೆಯಿತು. ಎಕ್ಸೆಲ್ ಪಾಪ ಒಂದು ಮಾತೂ ಆಡಲಿಲ್ಲ. ಕೊಟ್ಟಿದ್ದನ್ನು ತಿಂದು ಉತ್ತರ ಕೊಟ್ಟಿತು. ಸಾಹುಕಾರರು ಗ್ರಾಂ ಕೇಳದೇ ಇದ್ದಿದ್ದರೆ ನನಗೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಸರಿಯಾದ ಲೆಕ್ಕ ಕೈಯಲ್ಲೇ ಆಗುತ್ತದೆ. 3,600 ಅನ್ನು ಚೀಲಗಳ ಸಂಖ್ಯೆ 50ರಿಂದ ಭಾಗಿಸಿದರೆ 72. 4,900 ಅನ್ನು ಭಾಗಿಸಿದರೆ 98. ಎರಡೂ ಸೇರಿ 170. ಅದರ ವರ್ಗಮೂಲ 13.04 ಗ್ರಾಂ. 28 ಭಾಗಿಸು 13.04, ಝಡ್ 2.15. ಪಿ 0.032, ಆಲ್ಫಾಗಿಂತ ಕಡಿಮೆ. ಎರಡೂ ಮಷಿನ್ ನಿಜಕ್ಕೂ ಒಂದೇ ತೂಕ ತುಂಬುತ್ತಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಸುಮ್ನೆ ಕಾಣಿಸಿಕೊಳ್ಳುವುದು 100ರಲ್ಲಿ ಸುಮಾರು 3 ಸಲ. ಎಕ್ಸೆಲ್ ಈಗ ಕೆಜಿಯಲ್ಲೂ ಗ್ರಾಂನಲ್ಲೂ ಅದನ್ನೇ ಹೇಳಿತು.

ಒಂದೇ ಕಡೆಯ ಪಿ ಇನ್ನೂ ಚಿಕ್ಕದು, 0.016. ಹಮಾಲರು ಒಂದನೆಯದೇ ಭಾರ ಅಂತ ಮೊದಲೇ ಹೇಳಿದ್ದರಲ್ಲ, ಅದನ್ನೇ ತೆಗೆದುಕೊಳ್ಳಬಹುದಿತ್ತು. ಆದರೆ ಎರಡನೆಯದು ಭಾರ ಇದ್ದರೂ ನಮಗೆ ನಷ್ಟವೇ. ಹಾಗಾಗಿ ಎರಡೂ ಕಡೆಯದ್ದನ್ನೇ ಇಟ್ಟುಕೊಂಡೆ.

ಒಮ್ಮೆ ಕೈ ಸುಟ್ಟ ಮೇಲೆ ಬೇರೆ ಸಾಫ್ಟ್‌ವೇರ್‌ಗಳಲ್ಲೂ ನೋಡುವ ಹುಚ್ಚು ಹತ್ತಿತು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಲಿಬ್ರೆಆಫೀಸ್ ಕ್ಯಾಲ್ಕ್ ಇದೆ. ಅದರಲ್ಲೂ ಡೇಟಾ, ಸ್ಟ್ಯಾಟಿಸ್ಟಿಕ್ಸ್, ಝಡ್ ಟೆಸ್ಟ್ ಅಂತ ಇದೆ. ಅದು ವೇರಿಯನ್ಸ್ ಕೇಳುವುದೇ ಇಲ್ಲ. ಉತ್ತರದ ಪಟ್ಟಿಯಲ್ಲಿ ಆ ಜಾಗಕ್ಕೆ ಸೊನ್ನೆ ಇಟ್ಟು, ಝಡ್ ಇರಬೇಕಾದ ಕಡೆ ಸೊನ್ನೆಯಿಂದ ಭಾಗಿಸಿದ ಎರರ್ ತೋರಿಸುತ್ತದೆ. ಮೊದಲು ಗಾಬರಿಯಾಯಿತು. ಆ ಸೊನ್ನೆಗಳ ಮೇಲೆ ನಮ್ಮ ಅಂಕಿ ಬರೆದರೆ ಎಲ್ಲ ತಾನಾಗಿ ತುಂಬಿಕೊಳ್ಳುತ್ತದೆ. ನನಗೆ ಇದೇ ಇಷ್ಟವಾಯಿತು, ಯೋಚಿಸದೆ ಮುಂದೆ ಹೋಗಲು ಬಿಡುವುದಿಲ್ಲ. ಆರ್ ಎಂಬ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಬಿಎಸ್‌ಡಿಎ ಎಂಬ ಪ್ಯಾಕೇಜ್ ಹಾಕಿಕೊಂಡರೆ ಝಡ್ ಟೆಸ್ಟ್ ಸಿಗುತ್ತದೆ. ಅದು ಕೇಳುವುದು ಸಿಗ್ಮಾ, ಅಂದರೆ ವರ್ಗ ಮಾಡದ ಸ್ಟ್ಯಾಂಡರ್ಡ್ ಡೀವಿಯೇಶನ್. ಎಕ್ಸೆಲ್‌ಗೆ ಉಲ್ಟಾ! ಪೈಥಾನ್‌ನ ಸ್ಟ್ಯಾಟ್ಸ್‌ಮಾಡೆಲ್ಸ್‌ನಲ್ಲಿರುವ ಝಡ್ ಟೆಸ್ಟ್ ಎರಡನ್ನೂ ಕೇಳುವುದಿಲ್ಲ, ಸ್ಯಾಂಪಲ್‌ನಿಂದಲೇ ಲೆಕ್ಕ ಹಾಕಿಕೊಳ್ಳುತ್ತದೆ. ಹೆಸರು ಒಂದೇ, ಬೇಡಿಕೆ ಮೂರು ಥರ.

ಸಾಹುಕಾರರಿಗೆ ಪಿ ಗಿ ಏನೂ ಹೇಳಲಿಲ್ಲ. "ಒಂದನೆಯದು ಚೀಲಕ್ಕೆ 28 ಗ್ರಾಂ ಜಾಸ್ತಿ ಬಿಡುತ್ತಿದೆ. ದಿನಕ್ಕೆ ಸಾವಿರ ಚೀಲ ಅಂದರೆ 28 ಕೆಜಿ" ಅಂದೆ. "ದಿನಾ ಒಂದ್ ಚೀಲಾನಾ?" ಅಂತ ಎದ್ದು ಕೂತರು. ಆಮೇಲೆ ಮೆಲ್ಲಗೆ, ಶೇ. 95ರಷ್ಟು ಭರವಸೆಯಿಂದ ಹೇಳಬೇಕೆಂದರೆ ನಿಜವಾದ ವ್ಯತ್ಯಾಸ 2 ಗ್ರಾಂನಿಂದ 54 ಗ್ರಾಂವರೆಗೆ ಎಷ್ಟಾದರೂ ಇರಬಹುದು, ಅಂದರೆ ದಿನಕ್ಕೆ 2 ಕೆಜಿಯಿಂದ 54 ಕೆಜಿ ಅಂತಲೂ ಸೇರಿಸಿದೆ. ಅದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅಷ್ಟರಲ್ಲಿ ಮೆಕ್ಯಾನಿಕ್‌ಗೆ ಫೋನ್ ಹೋಗಿತ್ತು.

ಸೆಟ್ಟಿಂಗ್ ಇಳಿಸಿದ ಮೇಲೆ ಮತ್ತೆ ಐದು ದಿನ ಐವತ್ತೈವತ್ತು ಚೀಲ ತೂಗಿದೆ. ಸರಾಸರಿ 26.037 ಮತ್ತು 26.035. ಝಡ್ 0.15, ಪಿ 0.88. ಹಮಾಲರಿಗೆ, "ನೀವು ಹೇಳಿದ್ದೇ ಖರೆ ಆತು ನೋಡ್ರಿ, ಈಗ ಸರಿ ಮಾಡೇವಿ" ಅಂದೆ. ಅವರು ಬೀಡಿ ಆರಿಸಿ ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು.

"ಈಗ ಎರಡನೇದು ಭಾರ ಆಗೇತ್ರಿ" ಅಂದರು.