0.5 ಅಂದರೆ ಅರ್ಧ ಅಲ್ಲ: ಕೆನಡಾದಿಂದ ಅಮೆರಿಕಕ್ಕೆ ನಾನು ಟ್ರಾನ್ಸ್‌ಫರ್ ಆದ ಕಥೆ

ಎಲ್ಲರೂ ಅಮೆರಿಕ ಬಿಟ್ಟು ಕೆನಡಾಕ್ಕೆ ಬರುತ್ತಾರೆ, ನೀನು ಉಲ್ಟಾ ಹೋಗ್ತೀನಿ ಅಂತೀಯಲ್ಲೋ ಅಂತ ನನ್ನ ಮಂಡ್ಯದ ರೂಮ್‌ಮೇಟ್ ನಗುತ್ತಿದ್ದ. ಎರಡು ವರ್ಷ ನಕ್ಕ. ಈಗ ಅವನೇ ಫೋನ್ ಮಾಡಿ ಸಿಲಬಸ್ ಹೇಗೆ ಕಳಿಸಿದೆ ಅಂತ ಕೇಳುತ್ತಾನೆ. ಆದ್ದರಿಂದ ಡಿಗ್ರಿಯ ನಡುವೆ ಯೂನಿವರ್ಸಿಟಿ ಬದಲಾಯಿಸಿದ ಕಥೆಯನ್ನು ಒಂದೇ ಸಲ ಬರೆದುಬಿಡೋಣ ಅನ್ನಿಸಿತು. ಕಾಮನ್ ಆ್ಯಪ್ (ಹಲವು ಕಾಲೇಜಿಗೆ ಒಂದೇ ಆನ್‌ಲೈನ್ ಅರ್ಜಿ), ಐ-20 (ವೀಸಾಗೆ ಬೇಕಾದ, ಕಾಲೇಜು ಕೊಡುವ ಪತ್ರ) ಇವನ್ನೆಲ್ಲ ಇಲ್ಲಿ ಉದ್ದಕ್ಕೆ ವಿವರಿಸಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಒಂಟಾರಿಯೋದ ಒಂದು ಯೂನಿವರ್ಸಿಟಿಗೆ ಮೆಕ್ಯಾನಿಕಲ್‌ಗೆ ಸೇರಿದೆ. ಆರೇ ತಿಂಗಳಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಬೇಕು ಅನ್ನಿಸಿತು. ಒಳಗೇ ಬದಲಾಯಿಸಲು ಹೋದರೆ ಸೀಟಿಲ್ಲ, ಮುಂದಿನ ವರ್ಷ ನೋಡೋಣ ಅಂದರು. ಫೀಸು ನೋಡಿದರೆ ವರ್ಷಕ್ಕೆ ಹತ್ತಿರಹತ್ತಿರ 50 ಸಾವಿರ ಕೆನಡಾ ಡಾಲರ್, ಅಂದರೆ ಸುಮಾರು 30 ಲಕ್ಷ, ರೂಮು ಊಟ ಬಿಟ್ಟು. ಬೇಡದ ಬ್ರಾಂಚಿಗೆ ಅಷ್ಟು ಸುರಿಯೋದು ಯಾಕೆ ಅಂತ ಕೂತಲ್ಲಿ ನಿಂತಲ್ಲಿ ಅದೇ ಯೋಚನೆ.

ಮೊದಲ ಪ್ರಯತ್ನ 2023ರ ಮಾರ್ಚ್. ಅದು ಪೂರ್ತಿ ಹುಚ್ಚಾಟ. ಹೆಸರು ಕೇಳಿದರೆ ಊರಲ್ಲಿ ಎಲ್ಲರಿಗೂ ಗೊತ್ತಿರಬೇಕು ಅಂಥ ಏಳು ಯೂನಿವರ್ಸಿಟಿಗೆ ಹಾಕಿದೆ, ಜೊತೆಗೆ ಹಣಸಹಾಯವೂ ಬೇಕು ಅಂತ ಟಿಕ್ ಮಾಡಿದೆ. ಹೊರದೇಶದವನು, ಟ್ರಾನ್ಸ್‌ಫರ್ ಬೇರೆ, ಮೇಲೆ ದುಡ್ಡೂ ಕೇಳಿದರೆ ಯಾರು ಕೊಡುತ್ತಾರೆ? ಏಳಕ್ಕೆ ಏಳೂ ರಿಜೆಕ್ಟ್. ಅರ್ಜಿ ಫೀಸು ಒಂದೊಂದಕ್ಕೆ 70–80 ಅಮೆರಿಕನ್ ಡಾಲರ್. ಜೊತೆಗೆ ಮಾರ್ಕ್ಸ್ ಮೌಲ್ಯಮಾಪನ ಮಾಡುವ ಕಂಪನಿಗೆ 250 ಡಾಲರ್ ಕಟ್ಟಿ ವರದಿ ತರಿಸಿದೆ. ಬಂದ ಮೇಲೆ ಗೊತ್ತಾಯಿತು, ನಾನು ಕ್ಲಿಕ್ ಮಾಡಿದ್ದು ಕೆನಡಾ ಇಮಿಗ್ರೇಷನ್‌ಗೆ ಬೇಕಾದ ವರದಿ, ಅಮೆರಿಕದ ಕಾಲೇಜಿಗೆ ಅದು ನಡೆಯಲ್ಲ. ತಪ್ಪು ನಂದೇ. ತಮಾಷೆ ಅಂದರೆ ಕೊನೆಗೆ ನಾನು ಸೇರಿದ ಕಡೆ ಆ ವರದಿ ಕೇಳಲೇ ಇಲ್ಲ, ಕೆನಡಾದ ಟ್ರಾನ್ಸ್‌ಕ್ರಿಪ್ಟ್ (ಮಾರ್ಕ್ಸ್ ಪಟ್ಟಿ) ಅವರೇ ಓದುತ್ತಾರಂತೆ.

ಓದುತ್ತಾರೆ, ಆದರೆ ಹೇಗೆ ಓದುತ್ತಾರೆ ಅನ್ನೋದೇ ವಿಷಯ.

ಎರಡನೇ ಸಲ, 2024ರಲ್ಲಿ, ಬುದ್ಧಿ ಬಂದು ಐದು ಸರ್ಕಾರಿ ಯೂನಿವರ್ಸಿಟಿಗಳಿಗೆ ಹಾಕಿದೆ. ಮೂರು ಕಡೆ ಸೀಟು ಸಿಕ್ಕಿತು. ಕುಣಿದಾಡಿಬಿಟ್ಟೆ. ನಾಲ್ಕು ದಿನ ಬಿಟ್ಟು ಒಂದು ಕಡೆಯಿಂದ ಕ್ರೆಡಿಟ್ ಲೆಕ್ಕ ಬಂತು, ಅಂದರೆ ನನ್ನ ಹಳೇ ಓದಿನಲ್ಲಿ ಎಷ್ಟನ್ನು ಅವರ ಡಿಗ್ರಿಗೆ ಒಪ್ಪಿಕೊಂಡರು ಅಂತ: ಒಟ್ಟು 10. ಎರಡು ವರ್ಷ ಓದಿ, 20 ಕೋರ್ಸ್ ಪಾಸಾಗಿ, 10 ಕ್ರೆಡಿಟ್! ಅಂದರೆ ನಾನು ಮತ್ತೆ ಫಸ್ಟ್ ಇಯರ್. ರಾತ್ರಿಯೆಲ್ಲ ಟ್ರಾನ್ಸ್‌ಕ್ರಿಪ್ಟ್ ಮುಂದೆ ಇಟ್ಟುಕೊಂಡು ಕೂತೆ. ಒಂದೊಂದು ಕೋರ್ಸ್ ಮುಂದೆಯೂ 0.50 ಅಂತ ಅಚ್ಚಾಗಿದೆ. ನಮ್ಮಲ್ಲಿ ಒಂದು ಸೆಮಿಸ್ಟರ್ ಕೋರ್ಸ್ ಅಂದರೆ 0.5, ವರ್ಷಕ್ಕೆ 5, ಡಿಗ್ರಿಗೆ 20. ಅಮೆರಿಕದಲ್ಲಿ ಅದೇ ಕೋರ್ಸ್ 3 ಕ್ರೆಡಿಟ್, ಡಿಗ್ರಿಗೆ 120. ಆಫೀಸಿನಲ್ಲಿ ಕೂತವರು 0.5ನ್ನು ಹಾಗೇ ಅರ್ಧ ಅಂತ ಕೂಡಿಸಿದ್ದಾರೆ. ಇಪ್ಪತ್ತು ಅರ್ಧ, ಹತ್ತು.

ಇನ್ನೊಂದು ಕಡೆ ಮಾರ್ಕ್ಸ್ ಕಥೆ. ನನಗೆ ಥರ್ಮೋಡೈನಾಮಿಕ್ಸ್‌ನಲ್ಲಿ 82. ನಮ್ಮ ಯೂನಿವರ್ಸಿಟಿಯಲ್ಲಿ 82 ಅಂದರೆ ಎ ಮೈನಸ್, 85 ದಾಟಿದರೆ ನಾಲ್ಕಕ್ಕೆ 4.0. ಆ ಕ್ಲಾಸಿನ ಸರಾಸರಿಯೇ 66, ಅದೂ ಪಕ್ಕದಲ್ಲೇ ಅಚ್ಚಾಗಿದೆ. ಅಮೆರಿಕದವರ ಕಣ್ಣಿಗೆ 90ರ ಕೆಳಗಿದ್ದರೆ ಬಿ, ಅಷ್ಟೇ. ಇದನ್ನೆಲ್ಲ ವಿವರಿಸುವ ಪಟ್ಟಿ ಟ್ರಾನ್ಸ್‌ಕ್ರಿಪ್ಟ್‌ನ ಹಿಂಬದಿಯಲ್ಲಿ ಇರುತ್ತೆ, ತಿಳಿ ಬೂದು ಅಕ್ಷರದಲ್ಲಿ, ಓದೋಕೆ ಭೂತಗನ್ನಡಿ ಬೇಕು. ನಾನು ಅಪ್‌ಲೋಡ್ ಮಾಡುವಾಗ ಮುಂಬದಿ ಮಾತ್ರ ಸ್ಕ್ಯಾನ್ ಮಾಡಿದ್ದೆ! ದಯವಿಟ್ಟು ಆ ಹಿಂಬದಿ ಪುಟ ಬಿಡಬೇಡಿ. ನಾನು ಅದನ್ನು ದೊಡ್ಡದು ಮಾಡಿ, 0.5 ಅಂದರೆ 3 ಅನ್ನುವ ಸಾಲಿಗೆ ಹಳದಿ ಬಣ್ಣ ಬಳಿದು, ನಮ್ಮ ರಿಜಿಸ್ಟ್ರಾರ್ ಆಫೀಸಿನಿಂದ ಎರಡು ಸಾಲಿನ ಪತ್ರವನ್ನೂ ಸೇರಿಸಿ ಕಳಿಸಿದೆ. ನಾನು ಈಗ ಓದುತ್ತಿರುವ ಕಡೆ, ಇದು ಮಿಡ್‌ವೆಸ್ಟ್‌ನ ಒಂದು ಸರ್ಕಾರಿ ಯೂನಿವರ್ಸಿಟಿ, ಅಲ್ಲಿ ಮೊದಲ ಲೆಕ್ಕ 38 ಬಂತು. ಹತ್ತು ಅಂದವರು ಕೊನೆವರೆಗೂ ಬಗ್ಗಲಿಲ್ಲ, ಬಿಟ್ಟೆ.

38ರಿಂದ 53ಕ್ಕೆ ಏರಿಸಿದ್ದು ನನ್ನ ಹೆಮ್ಮೆಯ ಕೆಲಸ. ಎಲ್ಲರೂ ಸಿಲಬಸ್ ಕಳಿಸಿ ಸುಮ್ನೆ ಕೂರುತ್ತಾರೆ. ನಾನು ಒಂದೊಂದು ಕೋರ್ಸಿಗೂ ಎರಡು ಕಾಲಮ್ ಹಾಕಿದೆ: ಎಡಗಡೆ ನಮ್ಮ ಕೋರ್ಸಿನ ವಾರವಾರದ ಪಾಠ, ಬಲಗಡೆ ಅವರ ಕೋರ್ಸಿನದು, ಅವರ ಸಿಲಬಸ್‌ನ ಪದಗಳನ್ನೇ ಎತ್ತಿ. ಲೀನಿಯರ್ ಆಲ್ಜಿಬ್ರಾ, ಡಿಫರೆನ್ಷಿಯಲ್ ಈಕ್ವೇಷನ್, ಸ್ಟ್ಯಾಟಿಕ್ಸ್ ಹೀಗೆ ಒಂದೊಂದೇ ಒಪ್ಪಿದರು. ಯಾರಿಗೆ ಮೇಲ್ ಹಾಕಬೇಕು, ಯಾವ ವಾರ ಹಾಕಬೇಕು ಅನ್ನೋದರಲ್ಲೂ ಒಂದು ಗುಟ್ಟಿದೆ. ಅದು ನನ್ನ ಹತ್ತಿರವೇ ಇರಲಿ, ಎಲ್ಲರೂ ಅದೇ ಬಾಗಿಲು ಬಡಿದರೆ ಬಾಗಿಲೇ ಮುಚ್ಚಿಬಿಡುತ್ತಾರೆ. ಅಡ್ಮಿಷನ್ ಆಫೀಸಿಗಂತೂ ಅಲ್ಲ, ಅಷ್ಟು ಹೇಳಬಲ್ಲೆ.

ಮಧ್ಯೆ ಕೆಲವು ಅಡ್ಡದಾರಿಗಳನ್ನೂ ನೋಡಿದೆ. ಪಿಯುಸಿ ಗಣಿತಕ್ಕೆ ಕ್ರೆಡಿಟ್ ಕೊಡ್ತೀರಾ ಅಂತ ಕೇಳಿದೆ, ಹೈಸ್ಕೂಲ್ ಅಂತ ಒಂದೇ ಪದದ ಉತ್ತರ ಬಂತು. (ಆ ಪಿಯುಸಿ ಮಾರ್ಕ್ಸ್ ಕಾರ್ಡನ್ನೇ ಸೀಲ್ ಮಾಡಿದ ಕವರಿನಲ್ಲಿ ಕಳಿಸಿ ಅಂತ ಇವರೇ ಕೇಳಿದ್ದರು. ಅಪ್ಪ ಹಾಸನದ ಕಾಲೇಜಿಗೆ ಮೂರು ಸಲ ಅಲೆದರು.) ಆಮೇಲೆ ಕ್ಲೆಪ್ (ಕ್ಲಾಸಿಗೆ ಹೋಗದೆ ಕ್ರೆಡಿಟ್ ಗಳಿಸುವ) ಪರೀಕ್ಷೆ ಬರೆದು ಅಮೆರಿಕದ ಚರಿತ್ರೆಯಲ್ಲಿ 3 ಕ್ರೆಡಿಟ್ ಹೊಡೆದೆ, ನೂರು ಡಾಲರ್ ಚಿಲ್ಲರೆ ಖರ್ಚು, ಎರಡು ವಾರ ಓದಿದ್ದು. ಇದು ನಿಜಕ್ಕೂ ಲಾಭ. ಬೇಸಿಗೆಯಲ್ಲಿ ಅಮೆರಿಕದ ಕಮ್ಯೂನಿಟಿ ಕಾಲೇಜೊಂದರಲ್ಲಿ ಆನ್‌ಲೈನ್ ಕೋರ್ಸ್ ಕೂಡ ಮಾಡಿದೆ. ಟೊರಾಂಟೊದ ರೂಮಿನಲ್ಲೇ ಕೂತು ಓದೋಕೆ ವೀಸಾ ಬೇಡ. ಅದರ ಗ್ರೇಡ್ ಬರುವಷ್ಟರಲ್ಲಿ ಡೆಡ್‌ಲೈನ್ ದಾಟಿತ್ತು, ದುಡ್ಡು ದಂಡ.

ಇನ್ನು ದುಡ್ಡು. ಇಲ್ಲಿ ವರ್ಷದ ಫೀಸು 34 ಸಾವಿರ ಅಮೆರಿಕನ್ ಡಾಲರ್, ಟ್ರಾನ್ಸ್‌ಫರ್ ಸ್ಕಾಲರ್‌ಶಿಪ್ 11 ಸಾವಿರ ಕೊಟ್ಟರು, ಉಳಿದಿದ್ದು 23 ಸಾವಿರ, ಆಗಿನ ರೇಟಿನಲ್ಲಿ ಸುಮಾರು 19 ಲಕ್ಷ. ವರ್ಷಕ್ಕೆ ಹನ್ನೊಂದು ಲಕ್ಷ ಉಳಿತಾಯ ಅಂತ ಅಪ್ಪನಿಗೆ ಕುಣಿಯುತ್ತಾ ಹೇಳಿದೆ. ಅಪ್ಪ, "ಲೋನ್ ಏನ್ಮಾಡ್ತೀಯಾ ಮಗಾ?" ಅಂದರು. ಅದು ತಲೆಗೇ ಬಂದಿರಲಿಲ್ಲ. ಎಜುಕೇಷನ್ ಲೋನ್ ಮಂಜೂರಾಗಿದ್ದು ಆ ಯೂನಿವರ್ಸಿಟಿಗೆ, ಆ ಕೋರ್ಸಿಗೆ. ಬದಲಾದರೆ ಉಳಿದ ಕಂತು ನಿಲ್ಲುತ್ತೆ, ಹೊಸ ಫೈಲು ಮಾಡಿ ಅಂತ ಬ್ಯಾಂಕಿನವರು ಅಂದರು. ಅಡ ಇಟ್ಟ ಸೈಟು ಅದೇ, ಪತ್ರಗಳು ಅವರ ಬೀರುವಿನಲ್ಲೇ ಇವೆ, ಆದರೂ ಹೊಸ ಇಸಿ, ಹೊಸ ಲೀಗಲ್ ಒಪೀನಿಯನ್, ಹೊಸ ವ್ಯಾಲ್ಯುಯೇಷನ್. ಏಳು ವಾರ. ಅಷ್ಟರೊಳಗೆ ಐ-20ಗೆ 42 ಸಾವಿರ ಡಾಲರ್ ತೋರಿಸಬೇಕಿತ್ತು. ಆ ವರ್ಷ ರೊಬಸ್ಟಾ ರೇಟ್ ಏರಿದ್ದೇ ನಮ್ಮನ್ನು ಉಳಿಸಿದ್ದು. ಸಕಲೇಶಪುರದ ತೋಟದ ಕಾಫಿ ಮಾರಿದ ದುಡ್ಡು ಎಫ್‌ಡಿಯಲ್ಲಿತ್ತು, ಚಿಕ್ಕಪ್ಪನೂ ಒಂದು ಪತ್ರ ಬರೆದುಕೊಟ್ಟರು.

ಐ-20 ಫಾರಂನಲ್ಲಿ ಇನ್ನೊಂದು ಗುಂಡಿ ಇದೆ, ಬೀಳಬೇಡಿ. ಟ್ರಾನ್ಸ್‌ಫರ್ ಸ್ಟೂಡೆಂಟಾ ಅಂತ ಕೇಳುತ್ತಾರೆ. ಹೌದಲ್ವಾ ಅಂತ ಟಿಕ್ ಮಾಡಿದೆ. ಆ ಟ್ರಾನ್ಸ್‌ಫರ್ ಬೇರೆ, ಅಮೆರಿಕದ ಒಂದು ಕಾಲೇಜಿಂದ ಇನ್ನೊಂದಕ್ಕೆ ಹೋಗುವವರದು. ನಮ್ಮದು ಇನಿಶಿಯಲ್, ಅಂದರೆ ಹೊಸಬರದು. ಹಳೇ ಸೆವಿಸ್ ನಂಬರ್ (ಅಮೆರಿಕ ಸರ್ಕಾರದ ವಿದೇಶಿ ವಿದ್ಯಾರ್ಥಿ ದಾಖಲೆಯ ನಂಬರ್) ಕೊಡಿ ಅಂತ ಅವರು, ನನ್ನ ಹತ್ತಿರ ಇಲ್ಲ ಅಂತ ನಾನು, ಎರಡು ವಾರ ಇದರಲ್ಲೇ ಹೋಯಿತು.

ವೀಸಾ ಮೊದಲ ಸಲ ರಿಜೆಕ್ಟ್, 214(ಬಿ), ಅಂದರೆ ಓದು ಮುಗಿಸಿ ವಾಪಸ್ ಹೋಗ್ತೀನಿ ಅಂತ ನಾನು ನಂಬಿಸಲಿಲ್ಲ ಅಂತ. ಕೆನಡಾದಲ್ಲೇ ಯಾಕೆ ಮುಗಿಸಲ್ಲ ಅಂತ ಕೇಳಿದರು, ನಾನು ಒಪಿಟಿ (ಓದು ಮುಗಿದ ಮೇಲೆ ಅಮೆರಿಕದಲ್ಲೇ ಕೆಲಸ ಮಾಡುವ ಅನುಮತಿ), ಕೆಲಸ, ಸಂಬಳ ಅಂತ ಮನಸಲ್ಲಿದ್ದದ್ದೆಲ್ಲ ಹೇಳಿಬಿಟ್ಟೆ. ಎರಡು ನಿಮಿಷ, ಚೀಟಿ ಕೈಗೆ. ಮತ್ತೆ 185 ಡಾಲರ್, ಹೊಸ ಡಿಎಸ್-160 (ವೀಸಾ ಅರ್ಜಿ). ಸೆವಿಸ್‌ನ 350 ಮಾತ್ರ ಮತ್ತೆ ಕಟ್ಟಬೇಕಿಲ್ಲ, ಅದೇ ರೀತಿಯ ವೀಸಾಗೆ 12 ತಿಂಗಳೊಳಗೆ ಮತ್ತೆ ಹಾಕಿದರೆ ಹಳೇದೇ ನಡೆಯುತ್ತೆ. ಹತ್ತಿರದಲ್ಲಿ ಸ್ಲಾಟ್ ಇರಲಿಲ್ಲ, ವಿಮಾನ ಹತ್ತಿ ಕ್ಯಾಲ್ಗರಿಗೆ ಹೋದೆ. ಈ ಸಲ ಬ್ರಾಂಚ್ ಬದಲಾವಣೆ, ಫೀಸಿನ ಲೆಕ್ಕ, ತೋಟ, ಇಷ್ಟೇ ಮಾತಾಡಿದ್ದು. ಸಿಕ್ಕಿತು.

ವೀಸಾ ಕೈಗೆ ಬರುವವರೆಗೆ ಒಂಟಾರಿಯೋದ ಸೀಟು ಬಿಡಲಿಲ್ಲ, ಇದೊಂದು ಜಾಣತನ ಮಾಡಿದೆ. ಸೆಪ್ಟೆಂಬರ್ ಕೋರ್ಸ್‌ಗಳಿಗೂ ಹೆಸರು ಹಾಕಿ, ಡೆಪಾಸಿಟ್ ಕಟ್ಟಿ, ಕೊನೆಗೆ ವಾಪಸ್ ತಗೊಂಡೆ, ಒಂದು ಐನೂರು ಡಾಲರ್ ಹೋಯಿತು ಅನ್ನಿಸುತ್ತೆ. ಎಲ್ಲ ಸೇರಿ ಈ ಓಡಾಟಕ್ಕೆ ಮೂರು ಸಾವಿರ ಕೆನಡಾ ಡಾಲರ್ ದಾಟಿದೆ, ಎರಡು ಲಕ್ಷ ಅಂತ ಇಟ್ಟುಕೊಳ್ಳಿ.

ಆಗಸ್ಟ್‌ನಲ್ಲಿ ಬಸ್ಸಿನಲ್ಲಿ ಪೀಸ್ ಬ್ರಿಡ್ಜ್ ದಾಟಿ ಬಫಲೋಗೆ ಬಂದೆ. ಐ-94ಗೆ (ದೇಶದೊಳಗೆ ಬಂದ ದಾಖಲೆ) ಆಗ 6 ಡಾಲರ್ ಇತ್ತು. ಆಫೀಸರ್ ಸೂಟ್‌ಕೇಸ್ ತೆಗೆಸಿ, ಕುಕ್ಕರ್ ಎತ್ತಿ, ಅದರ ವಿಷಲ್ ಅಲ್ಲಾಡಿಸಿ ನೋಡಿ, ಏನೂ ಕೇಳದೆ ಒಳಗಿಟ್ಟರು.

ಸಿಗದೇ ಉಳಿದದ್ದರಲ್ಲಿ ಹೊಟ್ಟೆ ಉರಿಸೋದು ಫಿಸಿಕ್ಸ್ ಲ್ಯಾಬ್. ನಮ್ಮಲ್ಲಿ ಲ್ಯಾಬ್ ಕೋರ್ಸಿನೊಳಗೇ ಸೇರಿರುತ್ತೆ, ಇಲ್ಲಿ ಅದಕ್ಕೆ ಬೇರೆ 1 ಕ್ರೆಡಿಟ್. ಲ್ಯಾಬ್ ರೆಕಾರ್ಡಿನ ನಲವತ್ತು ಪುಟದ ಫೋಟೋ ಕಳಿಸಿದರೂ ಒಪ್ಪಲಿಲ್ಲ. ಹಾಗಾಗಿ ಪ್ರತಿ ಮಂಗಳವಾರ ಮಧ್ಯಾಹ್ನ ಹದಿನೆಂಟು ವರ್ಷದ ಹುಡುಗರ ಜೊತೆ ನಿಂತು ಲೋಲಕ ಎಷ್ಟು ಸಲ ಆಡಿತು ಅಂತ ಎಣಿಸುತ್ತಿದ್ದೇನೆ. ಹೋದ ವಾರ ನಮ್ಮ ಟೇಬಲ್‌ಗೆ 9.8 ಬರಬೇಕಿದ್ದ ಗುರುತ್ವ 9.6 ಬಂತು.