ಎರಡು ಮಾನಿಟರ್‌ನಲ್ಲಿ ವಿಂಡೋಗಳನ್ನು ಹದಕ್ಕೆ ತಂದಿದ್ದು

ಲ್ಯಾಪ್‌ಟಾಪ್ ಪಕ್ಕಕ್ಕೆ 27 ಇಂಚಿನ ಮಾನಿಟರ್ ಬಂದ ಮೇಲೆ ನಾನು ಮೊದಲು ಬಿಟ್ಟಿದ್ದು, ಎಲ್ಲವನ್ನೂ ಮ್ಯಾಕ್ಸಿಮೈಸ್ ಮಾಡುವ ಚಟ. ಪುಟ್ಟ ಪರದೆಗೆ ಅದು ಸರಿ. ದೊಡ್ಡದರಲ್ಲಿ ಬ್ರೌಸರ್ ಪೂರ್ತಿ ಹರಡಿದರೆ ಎರಡೂ ಬದಿ ಸುಮ್ನೆ ಬಿಳಿ ಜಾಗ. ಮಿಕ್ಕಿದ್ದನ್ನು ನೋಡಲು ಮತ್ತೆ ಆಲ್ಟ್-ಟ್ಯಾಬ್. ಹಾಗಾದರೆ ಮಾನಿಟರ್ ಕೊಂಡಿದ್ದು ಯಾಕೆ?

ನನ್ನದು ವಿಂಡೋಸ್ 11. ವಿಂಡೋಸ್ ಕೀ ಮತ್ತು ಶಿಫ್ಟ್ ಹಿಡಿದು ಎಡ ಇಲ್ಲವೇ ಬಲ ಬಾಣ ಒತ್ತಿದರೆ ವಿಂಡೋ ಪಕ್ಕದ ಪರದೆಗೆ ಹಾರುತ್ತದೆ. 2009ರ ವಿಂಡೋಸ್ 7ರಲ್ಲೇ ಬಂದ ಸೌಲಭ್ಯ ಇದು. ಆದರೂ ಮೌಸ್‌ನಲ್ಲಿ ಎಳೆದಾಡುವವರೇ ನನ್ನ ಸುತ್ತ ಜಾಸ್ತಿ.

ನಿಜವಾಗಿ ಕೆಲಸ ಹಗುರ ಮಾಡಿದ್ದು ಪವರ್‌ಟಾಯ್ಸ್. ಮೈಕ್ರೋಸಾಫ್ಟ್‌ನದೇ, ಉಚಿತ; ವಿಂಡೋಸ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಸಾಧನಗಳ ಗುಚ್ಛ. ಅದರಲ್ಲಿರುವ ಫ್ಯಾನ್ಸಿಝೋನ್ಸ್‌ನಲ್ಲಿ ಪರದೆಯನ್ನು ನಮಗೆ ಬೇಕಾದ ಹಾಗೆ ಭಾಗ ಮಾಡಬಹುದು. ನಾನು ನಡುವೆ ಅಗಲವಾದ ಭಾಗ ಇಟ್ಟು, ಅಲ್ಲಿ ಬರೆಯುವ ಕಡತ ತೆರೆಯುತ್ತೇನೆ. ಎಡಕ್ಕೆ ಮೇಲ್, ಬಲಕ್ಕೆ ಬ್ರೌಸರ್. ವಿಂಡೋ ಎಳೆಯುವಾಗ ಶಿಫ್ಟ್ ಒತ್ತಿದರೆ ಭಾಗಗಳು ಕಾಣಿಸುತ್ತವೆ, ಬಿಟ್ಟಲ್ಲಿ ಸರಿಯಾಗಿ ಕೂರುತ್ತದೆ. ಹೊಸದಾಗಿ ತೆರೆದ ವಿಂಡೋವನ್ನು ಕೊನೆಯ ಸಲ ಇದ್ದ ಭಾಗಕ್ಕೇ ಕಳಿಸುವ ಆಯ್ಕೆಯೂ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಆನ್ ಮಾಡದಿದ್ದರೆ ಅರ್ಧ ಲಾಭ ಹೋದ ಹಾಗೆ.

ಕೇಬಲ್ ಕಿತ್ತಾಗ ಎಲ್ಲ ವಿಂಡೋಗಳೂ ಲ್ಯಾಪ್‌ಟಾಪ್‌ಗೆ ಬಂದು ಗುಡ್ಡೆ ಬೀಳುತ್ತವಲ್ವಾ? ಅದಕ್ಕೆ ವಿಂಡೋಸ್ ಸೆಟ್ಟಿಂಗ್ಸ್‌ನ ಸಿಸ್ಟಮ್, ಡಿಸ್‌ಪ್ಲೇ, ಮಲ್ಟಿಪಲ್ ಡಿಸ್‌ಪ್ಲೇಸ್ ಒಳಗೆ ಎರಡು ಟಿಕ್ ಹಾಕಿದ್ದೇನೆ: ಮಾನಿಟರ್ ಕಳಚಿದಾಗ ಅದರ ವಿಂಡೋಗಳು ಮಿನಿಮೈಸ್ ಆಗಲಿ, ಮತ್ತೆ ಜೋಡಿಸಿದಾಗ ಹಳೆಯ ಜಾಗಕ್ಕೆ ಹೋಗಲಿ.

ಕೆಲವು ಹಳೆಯ ಸಾಫ್ಟ್‌ವೇರ್‌ಗಳು ಇದಕ್ಕೂ ಬಗ್ಗುವುದಿಲ್ಲ. ಇಲ್ಲದ ಪರದೆಯಲ್ಲೇ ತೆರೆದುಕೊಳ್ಳುತ್ತವೆ. ಟಾಸ್ಕ್‌ಬಾರ್‌ನಲ್ಲಿದೆ, ಕಣ್ಣಿಗೆ ಮಾತ್ರ ಕಾಣದು! ಆಗ ಅದನ್ನು ಆಯ್ದು ಆಲ್ಟ್-ಸ್ಪೇಸ್, ತೆರೆಯುವ ಮೆನುವಿನಲ್ಲಿ 'ಮೂವ್'ಗಾಗಿ ಎಂ ಅಕ್ಷರ, ಒಮ್ಮೆ ಯಾವುದಾದರೂ ಬಾಣದ ಕೀ. ಈಗ ಮೌಸ್ ಅಲುಗಿಸಿದರೆ ವಿಂಡೋ ಅದರ ಹಿಂದೆಯೇ ಬರುತ್ತದೆ. ಮ್ಯಾಕ್ಸಿಮೈಸ್ ಆಗಿದ್ದರೆ 'ಮೂವ್' ಮಂಕಾಗಿರುತ್ತದೆ, ಮೊದಲು 'ರಿಸ್ಟೋರ್' ಕೊಡಬೇಕು.

ಒಂದು ಕಿರಿಕಿರಿ ಇನ್ನೂ ಇದೆ. ನನ್ನ ಮಾನಿಟರ್‌ನ ಸ್ಕೇಲಿಂಗ್ (ಅಕ್ಷರ, ಚಿತ್ರಗಳನ್ನು ಹಿಗ್ಗಿಸಿ ತೋರಿಸುವ ಪ್ರಮಾಣ) 150%, ಲ್ಯಾಪ್‌ಟಾಪ್‌ನದು 125%. ಹಾಗಾಗಿ ಎಳೆದು ದಾಟಿಸುವಾಗ ವಿಂಡೋ ನಡುದಾರಿಯಲ್ಲೇ ಗಾತ್ರ ಬದಲಿಸುತ್ತದೆ. ಎರಡಕ್ಕೂ ಒಂದೇ ಸ್ಕೇಲಿಂಗ್ ಕೊಟ್ಟರೆ ಒಂದರಲ್ಲಿ ಅಕ್ಷರ ತೀರಾ ಸಣ್ಣದು. ಕಣ್ಣಿಗಿಂತ ಇದು ದೊಡ್ಡದಲ್ಲ ಅಂತ ಹಾಗೇ ಬಿಟ್ಟಿದ್ದೇನೆ.